ಗೋಡೆಯ ಕೋವಿ, ಸೊಂಟದ ಕೋವಿ

(ಶಿರಸಿಯಲ್ಲಿ ಕೃಷಿಕರೆದುರು ನೀಡಿದ ಉಪನ್ಯಾಸದ ಬರಹರೂಪ)

ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ, ಕೋವಿ ಎಂದರೆ ಉದ್ದನೆಯದು. ಜಗುಲಿಯ ಗೋಡೆಗೆ ಎರಡು ಗೂಟ, ಅವುಗಳ ಮೇಲೆ ಅಡ್ಡಲಾಗಿ ಮಲಗಿದ ಕೇಪಿನ ಕೋವಿ. ಒಳಗಿನ ಕಪಾಟಿನಲ್ಲಿ ಮದ್ದಿನ ಡಬ್ಬಿ, ಚರೆಯ ಚೀಲ. ಸ್ವಲ್ಪ ಅನುಕೂಲಸ್ಥರ ಮನೆಯಾದರೆ ತೋಟೆ ಕೋವಿ, ಅದರಲ್ಲೂ ಜೋಡುನಳಿಗೆಯದು. ಯಾರ ಮನೆಯಲ್ಲಿ ಕೋವಿ ಇದೆ, ಯಾರದು ಒಂಟಿ ನಳಿಗೆ, ಯಾರದು ಮಳೆಗಾಲದಲ್ಲಿ ಹೊತ್ತಿಕೊಳ್ಳುವುದೇ ಇಲ್ಲ ಎಂಬುದೆಲ್ಲ ಇಡೀ ಊರಿಗೆ ಗೊತ್ತಿರುತ್ತಿತ್ತು. ನವರಾತ್ರಿಯಲ್ಲಿ ಕತ್ತಿ, ಕೊಡಲಿ, ಹಾರೆಗಳ ಜೊತೆ ಅದಕ್ಕೂ ಒಂದು ಹೂವು, ಒಂದು ಕುಂಕುಮದ ಬೊಟ್ಟು.

ಈಗ ಅದೇ ಜಗುಲಿಯಲ್ಲಿ ಕುಳಿತವರಿಗೆ ಬೇರೊಂದು ಯೋಚನೆ ಬರುವುದು ಸಹಜ. ಇಷ್ಟುದ್ದದ್ದು ಇನ್ನೇಕೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಸಣ್ಣದೊಂದು ಸಿಕ್ಕರೆ ಅಡ್ಡಿಯಿಲ್ಲ ಎಂದು. ಅದಕ್ಕೆ ಕಾರಣವೂ ಇದೆ. ಇಲ್ಲಿ ಊರು ಎಂದರೆ ಕೇರಿಯಲ್ಲ. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ನಡುವೆ ಒಂದು ಗುಡ್ಡ, ಒಂದು ಹಳ್ಳ, ಒಂದು ಸಂಕ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಇನ್ನೂ ದೂರ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಅಟ್ಟದ ಮೇಲೆ ಚಾಲಿ ಅಡಿಕೆಯ ಚೀಲಗಳು. ಕರೆಂಟು ಹೋದ ರಾತ್ರಿ ಫೋನೂ ಹೋಗುತ್ತದೆ. ಇಂಥ ಮನೆಯಲ್ಲಿ ಹುಟ್ಟುವ ಭಯವನ್ನು ಹಗುರವಾಗಿ ಕಾಣಲಾಗದು. ಯಾವ ಸಣ್ಣ ಕೋವಿ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರವೂ ಇದೆ. ಆದರೆ ಅದಕ್ಕೆ ಮೊದಲು ಉದ್ದನೆಯ ಕೋವಿಗೂ ಸಣ್ಣ ಕೋವಿಗೂ ಇರುವ ವ್ಯತ್ಯಾಸ ಬರಿಯ ಅಳತೆಯದಲ್ಲ ಎಂಬುದನ್ನು ನೋಡಬೇಕಾಗುತ್ತದೆ.

ನಮ್ಮ ಸೀಮೆಯ ಕೋವಿ ಹುಟ್ಟಿದ್ದು ತೋಟದ ಕಾವಲಿಗೆ. ಕಣಿವೆಯಲ್ಲಿ ಅಡಿಕೆ, ಅದರ ನಡುವೆ ಬಾಳೆ, ಏಲಕ್ಕಿ, ಮೆಣಸು, ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಕಾಡು. ತೋಟಕ್ಕೂ ಕಾಡಿಗೂ ನಡುವೆ ಬೇಲಿಯೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಂದಿ ಬಾಳೆಯ ಗಡ್ಡೆ ಅಗೆಯುತ್ತದೆ, ಮುಳ್ಳುಹಂದಿ ಬುಡ ಕೆರೆಯುತ್ತದೆ, ಮಂಗ ಎಳೆಯ ಅಡಿಕೆ ಚೀಪಿ ಎಸೆಯುತ್ತದೆ, ಕಾಡುಕೋಣ ಗದ್ದೆಗಿಳಿಯುತ್ತದೆ. ಇವಕ್ಕೆಲ್ಲ ಮಾಳ ಕಟ್ಟಿ ಕಾಯುವುದು, ಡಬ್ಬ ಬಡಿಯುವುದು, ಕವಣೆ ಬೀಸುವುದು, ಬೆರ್ಚಪ್ಪ ನಿಲ್ಲಿಸುವುದು ಹಳೆಯ ಉಪಾಯಗಳು. ಕೋವಿ ಆ ಸಾಲಿನಲ್ಲಿ ಕೊನೆಯದು. ಕೇಪಿನ ಕೋವಿಗೆ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಹಿಂದೆ ಕೇಪು ಕೂರಿಸಿ ಈಡು ಹೊಡೆಯಬೇಕು. ಒಂದು ಈಡು ತಪ್ಪಿದರೆ ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಂದಿ ಆಚೆ ಗುಡ್ಡದಲ್ಲಿರುತ್ತದೆ. ಆದ್ದರಿಂದಲೇ ಅನೇಕ ಮನೆಗಳಲ್ಲಿ ಇದು ಹೆಚ್ಚಾಗಿ ಸದ್ದಿನ ಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅನುಮತಿಯಿಲ್ಲದೆ ಈ ಪ್ರಾಣಿಗಳನ್ನು ಕೊಲ್ಲುವುದು ಅಪರಾಧವಾದ್ದರಿಂದ, ಕಾನೂನು ಪಾಲಿಸುವವನಿಗೆ ಉಳಿದದ್ದು ಸದ್ದು ಮಾತ್ರ.

ಇನ್ನು ಕೋವಿಗೂ ಸರ್ಕಾರಕ್ಕೂ ಇರುವ ಸಂಬಂಧ. 1857ರ ದಂಗೆಯ ವೇಳೆ ಕಂಪನಿ ಸರ್ಕಾರ ಜನರ ಆಯುಧಗಳನ್ನು ಒಪ್ಪಿಸಿಕೊಳ್ಳುವ ಶಾಸನ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಅನೇಕರನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ಕೇಳದ ಕನ್ನಡಿಗರು ಕಡಿಮೆ. ಅದೇ ಸರ್ಕಾರ 1861ರಲ್ಲಿ ಕೊಡವರಿಗೆ, ಅವರ ನಿಷ್ಠೆಯನ್ನು ಮೆಚ್ಚಿ, ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಇಂದಿಗೂ ಉಳಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಉತ್ತರ ಕನ್ನಡಕ್ಕೆ ಅಂಥ ಭಾಗ್ಯವಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯ ರೈತ 1878ರ ಆಯುಧ ಕಾಯ್ದೆಯಂತೆ ಪರವಾನಗಿ ಪಡೆದೇ ಕೋವಿ ಇಟ್ಟುಕೊಳ್ಳಬೇಕಾಯಿತು. ಯುರೋಪಿಯನ್ನರಿಗೆ ಮಾತ್ರ ಆ ಗೊಡವೆ ಇರಲಿಲ್ಲ.

ಅಹಿಂಸೆಯ ಗಾಂಧೀಜಿಗೂ ಈ ತಾರತಮ್ಯ ಚುಚ್ಚಿತ್ತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. 1930ರ ಜನವರಿಯಲ್ಲಿ ಅವರು ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ಎಲ್ಲರಿಗೂ ನೆನಪಿದೆ. ಭೂಕಂದಾಯವನ್ನು ಅರ್ಧಕ್ಕಿಳಿಸಬೇಕೆಂಬುದೂ ಅದರಲ್ಲಿತ್ತು. ಪಟ್ಟಿಯ ಕೊನೆಯ ಬೇಡಿಕೆ, ಜನರ ನಿಯಂತ್ರಣಕ್ಕೆ ಒಳಪಟ್ಟು ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕು ಎಂಬುದು. ಕಂದಾಯದ ಮಾತನ್ನು ಸಿದ್ದಾಪುರ ಸೀಮೆ ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಕರನಿರಾಕರಣೆಯಲ್ಲಿ ಜಮೀನು, ಪಾತ್ರೆಪರಟೆ ಎಲ್ಲ ಜಪ್ತಿಯಾದರೂ ಜನ ಬಗ್ಗಲಿಲ್ಲ. ಜಪ್ತಿಯಾದ ಆಸ್ತಿ ಕೊಂಡವರ ಮನೆಯೆದುರು ಮಾವಿನಗುಂಡಿಯಲ್ಲಿ 1932ರಲ್ಲಿ ಹೆಂಗಸರು ಉಪವಾಸ ಕೂತರು. ಅವರ ಕೈಯಲ್ಲಿ ಯಾವ ಆಯುಧವೂ ಇರಲಿಲ್ಲ.

ಸ್ವತಂತ್ರ ಭಾರತದ ಕಾಯ್ದೆ ಬಂದದ್ದು 1959ರಲ್ಲಿ. ಜಾರಿಯಾದದ್ದು 1962ರ ಅಕ್ಟೋಬರ್ 1ರಿಂದ. ಅದರ 13ನೇ ಕಲಮನ್ನು ಮಲೆನಾಡಿನ ರೈತ ಒಮ್ಮೆ ಓದಿಸಿಕೊಂಡು ಕೇಳುವುದು ಒಳ್ಳೆಯದು. ಅರ್ಜಿದಾರನನ್ನು ನಿರಾಕರಿಸಲು ಕಾನೂನಿನಲ್ಲಿ ಹೇಳಿದ ಅಡ್ಡಿಗಳು ಯಾವುವೂ ಇಲ್ಲದಿದ್ದರೆ, ಬೆಳೆ ರಕ್ಷಣೆಗಾಗಿ ಬಾಯಿಮದ್ದಿನ ಕೋವಿಯನ್ನೋ, ಆತ್ಮರಕ್ಷಣೆಗೆ ಇಲ್ಲವೇ ಕ್ರೀಡೆಗೆ ನುಣುಪು ನಳಿಗೆಯ ಬಂದೂಕನ್ನೋ ಕೇಳಿದವನಿಗೆ ಪರವಾನಗಿ ಕೊಡತಕ್ಕದ್ದು ಎಂದು ಅಲ್ಲಿದೆ. ಒಂದೇ ಷರತ್ತು: ಆ ಬಂದೂಕಿನ ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆ ಇರಬಾರದು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದೂ ಮುಂದಿನ ಕಲಮು ಹೇಳುತ್ತದೆ. ಇಪ್ಪತ್ತು ಇಂಚಿಗಿಂತ ಗಿಡ್ಡವಾದುದಕ್ಕೆ, ಅಂದರೆ ಪಿಸ್ತೂಲು, ರಿವಾಲ್ವರುಗಳಿಗೆ, ಕಾನೂನಿನ ದನಿಯೇ ಬದಲಾಗುತ್ತದೆ. ಅರ್ಜಿದಾರನಿಗೆ ಸಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಅದು ಸಿಗುತ್ತದೆ. ಉದ್ದ ಕೋವಿಯ ವಿಷಯದಲ್ಲಿ ಬೇಡ ಎನ್ನುವ ಅಧಿಕಾರಿ ಕಾರಣ ಹೇಳಬೇಕು. ಸಣ್ಣದಕ್ಕಾದರೆ ಬೇಕು ಎನ್ನುವ ನಾವು ಹೇಳಬೇಕು.

ಇದೇಕೆ ಹೀಗೆ? ಸಣ್ಣ ಕೋವಿಯನ್ನು ಕಂಡರೆ ಸರ್ಕಾರಗಳಿಗೆ ಅದು ಹುಟ್ಟಿದಂದಿನಿಂದಲೂ ಭಯ. ಬತ್ತಿಗೆ ಕಿಡಿ ಮುಟ್ಟಿಸಿ ಹೊಡೆಯುತ್ತಿದ್ದ ಕಾಲದಲ್ಲಿ ಕೋವಿಯನ್ನು ಬಟ್ಟೆಯೊಳಗೆ ಅಡಗಿಸುವುದು ಸಾಧ್ಯವಿರಲಿಲ್ಲ, ಹೊಗೆಯೇ ಹೇಳಿಬಿಡುತ್ತಿತ್ತು. ಯುರೋಪಿನಲ್ಲಿ ಹದಿನಾರನೆಯ ಶತಮಾನದ ಆರಂಭದಲ್ಲಿ ಚಕ್ರ ತಿರುಗಿ ತಾನೇ ಕಿಡಿ ಹಾರಿಸುವ ಯಂತ್ರ ಬಂದಾಗ ಕೋವಿ ಅಂಗಿಯೊಳಗೆ ಸೇರಿತು. 1517ರ ಸುಮಾರಿಗೇ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಅದನ್ನು ನಿಷೇಧಿಸಿದ. 1865ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಅವರನ್ನು ನಾಟಕಶಾಲೆಯಲ್ಲಿ ಕೊಂದದ್ದು ಅಂಗೈಯಲ್ಲಿ ಅಡಗುವ ಡೆರಿಂಜರ್. ಅಷ್ಟು ದೂರ ಹೋಗುವುದೂ ಬೇಡ. ನಾವಿದ್ದ ಮುಂಬಯಿ ಪ್ರಾಂತದಲ್ಲೇ, 1909ರ ಡಿಸೆಂಬರ್ 21ರಂದು ನಾಸಿಕದ ನಾಟಕಗೃಹದಲ್ಲಿ ಕಲೆಕ್ಟರ್ ಜಾಕ್ಸನ್ ಅವರನ್ನು ಅನಂತ ಕಾನ್ಹೇರೆ ಎಂಬ ಯುವಕ ಗುಂಡಿಕ್ಕಿದ. ಲಂಡನ್ನಿನಿಂದ ಪೆಟ್ಟಿಗೆಯ ಕಳ್ಳತಳದಲ್ಲಿ ಬಂದ ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳಲ್ಲಿ ಒಂದು ಅವನ ಕೈ ಸೇರಿತ್ತು. ಆತ್ಮರಕ್ಷಣೆಯ ಬಂದೂಕಿಗೆ ಪರವಾನಗಿ ಕೇಳಿದ ಗಾಂಧೀಜಿಯವರನ್ನು 1948ರಲ್ಲಿ ಪ್ರಾರ್ಥನಾ ಸಭೆಯಲ್ಲಿ ಬಲಿತೆಗೆದುಕೊಂಡದ್ದೂ ಇಟಲಿಯ ಬೆರೆಟಾ ಎಂಬ ಜೇಬಿನ ಪಿಸ್ತೂಲೇ. ಉದ್ದ ಕೋವಿ ಹೊತ್ತು ಆ ಸಭೆಗಳೊಳಗೆ ಯಾರೂ ನಡೆದು ಬರುವಂತಿರಲಿಲ್ಲ.

ಆದರೂ ಸಕಾರಣವಿರುವವರು ಇದ್ದೇ ಇರುತ್ತಾರೆ. ವ್ಯಾಪಾರ, ವೃತ್ತಿ, ಇಲ್ಲವೇ ಬೇರಾವುದೋ ಸ್ಥಿತಿಯಿಂದ ಜೀವಕ್ಕೂ ಆಸ್ತಿಗೂ ನಿಜವಾದ ರಕ್ಷಣೆ ಬೇಕಾದವರ ಅರ್ಜಿಯನ್ನು ಪರಿಗಣಿಸಬಹುದೆಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಅಂಥವರು ಆರಿಸಿಕೊಳ್ಳಬೇಕಾದದ್ದು ಏನನ್ನು? ಮೊದಲನೆಯದಾಗಿ ಸೈನ್ಯ, ಪೊಲೀಸರು ಬಳಸುವ 9 ಮಿಲಿಮೀಟರಿನಂಥ ಅಳತೆಗಳು ಸಾಮಾನ್ಯರಿಗೆ ಇಲ್ಲ. ಉಳಿಯುವುದು ಮುಖ್ಯವಾಗಿ .32 ಮತ್ತು .22. ವಿದೇಶಿ ಪಿಸ್ತೂಲುಗಳನ್ನು ಖಾಸಗಿಯವರು ತರಿಸುವುದು 1980ರ ದಶಕದ ನಡುವಿನಿಂದ ಹೆಚ್ಚುಕಡಿಮೆ ನಿಂತೇಹೋಗಿದ್ದು, ಹಳೆಯವು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ. ಕಾನಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರೇ ಬಹುಕಾಲ ಸಾಮಾನ್ಯನಿಗೆ ಸಿಗುತ್ತಿದ್ದದ್ದು. 2014ರಲ್ಲಿ ಹೆಂಗಸರಿಗೆಂದು ಅರ್ಧ ಕಿಲೋ ತೂಕದ 'ನಿರ್ಭೀಕ್' ಬಂತು. ಆಗಲೇ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲಿತ್ತು. 2023ರಲ್ಲಿ ಸುಮಾರು 700 ಗ್ರಾಂ ತೂಕದ 'ಪ್ರಬಲ್' ಬಂತು. ಅದರ ಸಿಲಿಂಡರ್ ಪಕ್ಕಕ್ಕೆ ಹೊರಳುವುದರಿಂದ ತೋಟೆ ತುಂಬುವುದು ಸುಲಭ.

ರಿವಾಲ್ವರೋ ಪಿಸ್ತೂಲೋ ಎಂಬುದು ಎರಡನೆಯ ಪ್ರಶ್ನೆ. ಪಿಸ್ತೂಲು ಚಪ್ಪಟೆ, ಬಟ್ಟೆಯೊಳಗೆ ಉಬ್ಬಿ ಕಾಣುವುದಿಲ್ಲ. ಆದರೆ ಅದರ ಮೇಲುಭಾಗವನ್ನು ಹಿಂದಕ್ಕೆಳೆಯಲು ಬೆರಳಿನಲ್ಲಿ ಶಕ್ತಿ ಬೇಕು. ಮ್ಯಾಗಜೀನ್ ತೆಗೆದರೆ ಖಾಲಿಯಾಯಿತೆಂದು ತಿಳಿದು, ನಳಿಗೆಯಲ್ಲಿ ಉಳಿದ ಒಂದು ತೋಟೆಯಿಂದ ಅನಾಹುತ ಮಾಡಿಕೊಂಡವರು ಜಗತ್ತಿನಲ್ಲೆಲ್ಲ ಇದ್ದಾರೆ. ರಿವಾಲ್ವರ್ ದಪ್ಪ, ಆದರೆ ಸರಳ. ಸಿಲಿಂಡರ್ ತೆರೆದರೆ ಎಷ್ಟು ತೋಟೆ ಇದೆಯೆಂದು ಕಣ್ಣಿಗೇ ಕಾಣುತ್ತದೆ. ಒಂದು ಹುಸಿಯಾದರೆ ಮತ್ತೆ ಟ್ರಿಗರ್ ಒತ್ತಿದರೆ ಮುಂದಿನದು ಬರುತ್ತದೆ. ಕೋವಿಯೊಡನೆ ದಿನವೂ ಒಡನಾಟವಿಲ್ಲದವರಿಗೆ ರಿವಾಲ್ವರೇ ಮೇಲು ಎನ್ನಬೇಕು. ಕೊಳ್ಳುವಾಗ ಇನ್ನೊಂದು ಎಚ್ಚರ: .32 ಎಂದು ಬರೆದಿದ್ದರೂ ರಿವಾಲ್ವರಿನ ತೋಟೆ ಬೇರೆ, ಪಿಸ್ತೂಲಿನ ತೋಟೆ ಬೇರೆ. ಒಂದಕ್ಕೆ ಇನ್ನೊಂದು ನಡೆಯುವುದಿಲ್ಲ.

ಸಣ್ಣದಾದಷ್ಟೂ ಸುಲಭ ಎಂಬುದೂ ತಪ್ಪು ಕಲ್ಪನೆ. ಹಗುರವಾದ ಕೋವಿ ಕೈಯಲ್ಲಿ ಹೆಚ್ಚು ಒದೆಯುತ್ತದೆ. ನಳಿಗೆ ಗಿಡ್ಡವಾದಷ್ಟೂ ಗುರಿಯ ಸಣ್ಣ ತಪ್ಪು ದೊಡ್ಡದಾಗುತ್ತದೆ. ಜೋಡುನಳಿಗೆಯಲ್ಲಿ ಚರೆ ಹರಡಿ ಗುರಿಯ ಕೊರತೆಯನ್ನು ತುಂಬಿಕೊಡುತ್ತದೆ. ರಿವಾಲ್ವರಿನ ಒಂದು ಗುಂಡಿಗೆ ಆ ಔದಾರ್ಯವಿಲ್ಲ. ಪರವಾನಗಿಗೆ ಮೊದಲು ಸುರಕ್ಷತಾ ತರಬೇತಿ ಆಗಬೇಕೆಂದು 2016ರ ನಿಯಮ ಹೇಳುತ್ತದೆ. ಅದನ್ನು ಒಂದು ಪ್ರಮಾಣಪತ್ರದ ಕೆಲಸವೆಂದು ತಿಳಿದವರು ಸಣ್ಣ ಕೋವಿಯ ಸುದ್ದಿಗೆ ಹೋಗದಿರುವುದೇ ಲೇಸು.

ಇನ್ನು ಒಯ್ಯುವುದು ಹೇಗೆ? ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಅದಕ್ಕೆಂದೇ ಮಾಡಿದ ಒರೆಯಲ್ಲಿ ಮೈಗೆ ಬಿಗಿದುಕೊಂಡು, ಇಲ್ಲವೇ ಚೀಲದಲ್ಲಿಟ್ಟುಕೊಂಡು, ಪೂರ್ತಿ ಮುಚ್ಚಿರುವಂತೆ, ತನ್ನ ಹಿಡಿತದಲ್ಲಿರುವಂತೆ ಒಯ್ಯಬೇಕೆಂಬುದು ನಿಯಮ. ಎಂದರೆ ಮರೆಮಾಡಿ ಒಯ್ಯುವುದು ಇಲ್ಲಿ ಖಯಾಲಿಯಲ್ಲ, ಕಟ್ಟಳೆ. ಪಂಚೆ ಉಟ್ಟು ಮೇಲೊಂದು ಟವೆಲ್ ಹಾಕಿಕೊಂಡು ತೋಟಕ್ಕಿಳಿಯುವವನು ಒರೆಯನ್ನು ಎಲ್ಲಿಗೆ ಬಿಗಿಯಬೇಕು ಎಂಬುದನ್ನು ನಿಯಮ ಮಾಡಿದವರು ಯೋಚಿಸಿದಂತಿಲ್ಲ. ಗಟ್ಟಿ ಬೆಲ್ಟಿಲ್ಲದೆ ಅರ್ಧ ಕಿಲೋದ ಕಬ್ಬಿಣ ಸೊಂಟದಲ್ಲಿ ನಿಲ್ಲುವುದಿಲ್ಲ. ಜೊತೆಗೆ ನಮ್ಮ ಮಳೆಗಾಲ. ಆಷಾಢದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಚರ್ಮದ ಒರೆಯೊಳಗಿಟ್ಟ ಕೋವಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಒರೆ ಒಯ್ಯುವುದಕ್ಕೆ ಮಾತ್ರ. ಮನೆಗೆ ಬಂದ ಮೇಲೆ ತೆಗೆದು, ಒರೆಸಿ, ಎಣ್ಣೆ ಸವರಿ, ಬೇರೆ ಇಡಬೇಕು.

ಇಷ್ಟೆಲ್ಲ ಮಾಡಿ ತಂದ ಸಣ್ಣ ಕೋವಿ ನಮ್ಮ ಭಯಕ್ಕೆ ಉತ್ತರವಾದೀತೇ? ಸೊಪ್ಪು ತರಲು ಹೋದಾಗ ಎದುರಾಗುವ ಕರಡಿಗೆ ಅದು ಉತ್ತರವಲ್ಲ. .32 ಗುಂಡು ತಾಗಿದ ಕರಡಿ ತಾಗದ ಕರಡಿಗಿಂತ ಅಪಾಯ. ಹಂದಿ, ಕೋಣಗಳ ಮಾತಂತೂ ಇಲ್ಲ. ತೋಟದಲ್ಲಿ ಅಡಿಕೆ ಕೊನೆ ಕದಿಯುವವನ ಮೇಲೆ? ಬರಿಯ ಕಳವಿಗೆ ಪ್ರಾಣ ತೆಗೆಯುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಹಿಂದಿನ ದಂಡಸಂಹಿತೆಯಂತೆಯೇ, ಆಸ್ತಿಯ ರಕ್ಷಣೆಗೆ ಆ ಮಟ್ಟದ ಹಕ್ಕು ಇರುವುದು ಸುಲಿಗೆ, ಕತ್ತಲಲ್ಲಿ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಭಯ ಹುಟ್ಟಿಸುವಂಥ ಕಳವು, ಇಂಥವುಗಳಿಗೆ ಮಾತ್ರ.

ಉಳಿದದ್ದು ರಾತ್ರಿ ಬಾಗಿಲು ಒಡೆಯುವವನು. ಇಲ್ಲಿ ಸಣ್ಣ ಕೋವಿಗೆ ಒಂದು ಮಾತಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕೋವಿಯನ್ನು ಬೀಗ ಹಾಕಿ ಭದ್ರವಾಗಿಡುತ್ತೇನೆಂದು ಪರವಾನಗಿದಾರ ಮುಚ್ಚಳಿಕೆ ಕೊಟ್ಟಿರುತ್ತಾನೆ. ಅದರ ಪ್ರಕಾರ ಜಗುಲಿಯ ಗೂಟವೂ ಈಗ ತಕ್ಕ ಜಾಗವಲ್ಲ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುವ ಮನೆಯಲ್ಲಿ ದಿಂಬಿನಡಿ ತುಂಬಿದ ರಿವಾಲ್ವರ್ ಇಡುವುದು ಎಂಥ ಕೆಲಸವೆಂದು ವಿವರಿಸಬೇಕಾಗಿಲ್ಲ. ಕಪಾಟಿನಲ್ಲಿಟ್ಟರೆ, ನಿದ್ದೆಗಣ್ಣಿನಲ್ಲಿ ಕನ್ನಡಕ ಹುಡುಕಿ, ಕೀಲಿಕೈ ಹುಡುಕಿ, ಕತ್ತಲಲ್ಲಿ ನಿಂತವನು ಕಳ್ಳನೋ ಹೇಳದೆ ರಾತ್ರಿ ಬಸ್ಸಿಗೆ ಬಂದ ಮಗನೋ ಎಂದು ತಿಳಿಯಬೇಕು. ಎಪ್ಪತ್ತೈದರ ಕೈ, ಎಪ್ಪತ್ತೈದರ ಕಣ್ಣು. ಒಂಟಿತನ, ಸಾಲ, ವಾಸಿಯಾಗದ ಕಾಯಿಲೆ ಇರುವ ಮನೆಯಲ್ಲಿ ಆ ಕೋವಿ ಮನೆಯವರ ಮೇಲೆಯೇ ತಿರುಗುವ ಸಂಭವ ಹೆಚ್ಚು ಎಂಬುದನ್ನು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹೇಳಲು ಹಿತವಲ್ಲದಿದ್ದರೂ ಹೇಳಬೇಕಾದ ಮಾತು ಅದು.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಗೋಡೆಯ ಕೋವಿ ತನ್ನ ಕೆಲಸದ ಬಹುಪಾಲನ್ನು ಗೋಡೆಯಲ್ಲಿದ್ದುಕೊಂಡೇ ಮಾಡುತ್ತಿತ್ತು. ಆ ಮನೆಯಲ್ಲಿ ಕೋವಿ ಇದೆ ಎಂಬ ಸುದ್ದಿ ಊರಲ್ಲಿರುತ್ತಿತ್ತು. ಮಾಳದಿಂದ ಒಂದು ಹುಸಿ ಈಡು ಕೇಳಿದರೆ ಆ ಸುದ್ದಿ ನವೀಕರಣವಾಗುತ್ತಿತ್ತು. ಬಟ್ಟೆಯೊಳಗೆ ಅಡಗಿದ ಕೋವಿ ಯಾರನ್ನೂ ತಡೆಯಲಾರದು. ಇದೆಯೆಂದೇ ಯಾರಿಗೂ ತಿಳಿಯದು. ಅದು ಉಪಯೋಗಕ್ಕೆ ಬರುವುದು ಅನಾಹುತ ಆರಂಭವಾದ ಮೇಲೆ. ಇದೆಯೆಂದು ಸಾರಿಕೊಂಡು ತಿರುಗಿದರೆ ಕೋವಿಗಾಗಿಯೇ ಕಳ್ಳ ಬರಬಹುದು. ಒಂಟಿಮನೆಗೆ ಮೊದಲ ಕಾವಲು ಇವತ್ತಿಗೂ ಅಂಗಳದ ನಾಯಿ. ಎರಡನೆಯದು, ಕೂಗಿದರೆ ಕೇಳುವ, ಕರೆದರೆ ಬರುವ ನೆರೆಮನೆ.

ಆ ನೆರೆಮನೆಗಳ ಉದ್ದ ಕೋವಿಗಳೂ ಗೋಡೆಯಿಂದ ಇಳಿಯುತ್ತಿವೆ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಯಾರ ಕೋವಿ ಇಡಿಸಿಕೊಳ್ಳಬೇಕೆಂದು ಜಿಲ್ಲಾ ತಪಾಸಣಾ ಸಮಿತಿ ಒಂದೊಂದಾಗಿ ಪರಿಶೀಲಿಸಬೇಕೆಂದಿದ್ದರೂ ಎಲ್ಲರಿಂದಲೂ ಒಟ್ಟಿಗೆ ಇಡಿಸಿಕೊಳ್ಳುವುದರ ಬಗ್ಗೆ ಮಲೆನಾಡಿನ ರೈತರ ಆಕ್ಷೇಪ ಹಳೆಯದು. ಹಂದಿಗೆ ನೀತಿಸಂಹಿತೆ ಇಲ್ಲ. ಅಜ್ಜ ತೀರಿಕೊಂಡ ಮೇಲೆ ಬೆಂಗಳೂರಿನ ಮೊಮ್ಮಗನಿಗೆ ಕಾರವಾರದ ಕಚೇರಿಗೆ ಅಲೆಯಲು ಪುರಸೊತ್ತಿಲ್ಲ.

ಆದರೆ ದಾರಿ ಇಲ್ಲದಿಲ್ಲ. ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವನ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರನ ಹೆಸರಿಗೆ ಮಾಡಿಸಲು 2016ರ ನಿಯಮದಲ್ಲಿ ಅವಕಾಶವಿದೆ. ವಾರಸುದಾರನ ಪರವಾನಗಿಯೂ ಅವನ ಅರ್ಹತೆ ನೋಡಿಯೇ ಆಗುತ್ತದೆ. 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿನಲ್ಲಿ ಎರಡು ಕೋವಿ ಮಾತ್ರ ಇರಬಹುದು. ಕೇಪಿನದೂ ಜೋಡುನಳಿಗೆಯದೂ ಒಬ್ಬರ ಹೆಸರಿನಲ್ಲೇ ಇದ್ದರೆ ರಿವಾಲ್ವರಿನ ಪ್ರಶ್ನೆಯೇ ಏಳುವುದಿಲ್ಲ, ಒಂದನ್ನು ಬಿಡಬೇಕು. ಬೆಳೆ ರಕ್ಷಣೆಯ ಪರವಾನಗಿ ಇರುವುದು ಆ ಬೆಳೆಗೆ, ಆ ಜಾಗಕ್ಕೆ. ಪೇಟೆಗೆ ಹೊತ್ತು ತರಲು ಅಲ್ಲ. ಅದೇ ತಿದ್ದುಪಡಿ ನವೀಕರಣದ ಅವಧಿಯನ್ನು ಮೂರರಿಂದ ಐದು ವರ್ಷಕ್ಕೇರಿಸಿತು. ಐದು ವರ್ಷವೆಂದರೆ ಮರೆಯಲು ಸಾಕಷ್ಟು ಕಾಲ. ಅವಧಿ ಮುಗಿದ ಪರವಾನಗಿಯ ಕೋವಿ ಕಾನೂನಿನ ಕಣ್ಣಿಗೆ ಪರವಾನಗಿಯಿಲ್ಲದ ಕೋವಿ, ಅದಕ್ಕೆ ಶಿಕ್ಷೆ ಎರಡರಿಂದ ಐದು ವರ್ಷ. ಬೇಡವಾದ ಕೋವಿಯನ್ನು ಅದಕ್ಕೆ ಮೊದಲೇ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಇವತ್ತು ಮನೆಗೆ ಹೋದವರು ಕಪಾಟಿನಿಂದ ಆ ಪುಸ್ತಕ ತೆಗೆದು, ಕೊನೆಯ ಮೊಹರಿನ ತಾರೀಖು ಯಾವುದೆಂದು ಒಮ್ಮೆ ನೋಡಿಕೊಳ್ಳಿ.